ಬೀಗ ಹಾಕಿದ ಪುಸ್ತಕ, ಬೀಗವಿಲ್ಲದ ಪೇಚಾಟ

2006ರಲ್ಲಿ ಸೋನಿ ಕಂಪನಿ ಪಿಆರ್‌ಎಸ್-500 ಎಂಬ ಇ-ರೀಡರನ್ನು ಅಮೆರಿಕದ ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಪುಸ್ತಕ ತುಂಬಿಸಲು ಸೋನಿ ಕೊಟ್ಟ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಕ್ಯಾಲ್ಟೆಕ್‌ನಲ್ಲಿ ಭೌತವಿಜ್ಞಾನ ಓದುತ್ತಿದ್ದ ಮುಂಬೈ ಮೂಲದ ಕೋವಿದ್ ಗೋಯಲ್ ಬಳಸುತ್ತಿದ್ದುದು ಲಿನಕ್ಸ್. ದುಡ್ಡು ಕೊಟ್ಟು ತಂದ ಯಂತ್ರ ತನ್ನ ಕಂಪ್ಯೂಟರನ್ನು ಮೂಸಿಯೂ ನೋಡದಿದ್ದಾಗ ಅವರು ಬೇಕಾದ ತಂತ್ರಾಂಶವನ್ನು ತಾವೇ ಬರೆದುಕೊಂಡರು. ಅದೇ ಬೆಳೆದು ಕ್ಯಾಲಿಬರ್ ಆಯಿತು. ಈಗಲೂ ಉಚಿತ. ಇ-ಪುಸ್ತಕದ ರೂಪ ಬದಲಿಸಬೇಕೆಂದವರು ಹೆಚ್ಚಾಗಿ ಹುಡುಕಿಕೊಂಡು ಹೋಗುವುದು ಇದನ್ನೇ.

ರೂಪ ಬದಲಿಸುವುದೆಂದರೆ ಮಹಾ ವಿದ್ಯೆಯೇನಲ್ಲ. ಇ-ಪುಸ್ತಕದ ಒಂದು ರೂಪವಾದ ಇಪಬ್ ಕಡತದ ಹೆಸರಿನ ಬಾಲಕ್ಕೆ ‘ಜಿಪ್’ ಎಂದು ಅಂಟಿಸಿ ಬಿಚ್ಚಿ ನೋಡಿ: ಅಧ್ಯಾಯಗಳ ಪಠ್ಯ, ಮುಖಪುಟದ ಚಿತ್ರ, ಅಕ್ಷರದ ಗಾತ್ರ ಹೇಳುವ ಒಂದು ಕಡತ, ಎಲ್ಲವೂ ಗಂಟು ಕಟ್ಟಿದ ಬುತ್ತಿಯ ಹಾಗೆ ಒಳಗಿರುತ್ತವೆ. ಕ್ಯಾಲಿಬರ್ ಆ ಗಂಟನ್ನು ಬಿಚ್ಚಿ ಬೇರೆ ಬಟ್ಟೆಯಲ್ಲಿ ಕಟ್ಟುತ್ತದೆ, ಅಷ್ಟೇ. ಪಿಡಿಎಫ್ ಮಾತ್ರ ಮೊಂಡು. ಯಾವ ಅಕ್ಷರ ಪುಟದ ಯಾವ ಮೂಲೆಯಲ್ಲಿ ಕೂರಬೇಕೆಂಬುದೇ ಅದಕ್ಕೆ ಮುಖ್ಯ. ಪ್ಯಾರಾ ಎಲ್ಲಿ ಮುಗಿಯಿತೆಂಬ ಪರಿವೆ ಅದಕ್ಕಿಲ್ಲ. ಹಾಗಾಗಿ ಪರಿವರ್ತಿಸಿದ ಮೇಲೆ ಪುಟಸಂಖ್ಯೆಗಳು ವಾಕ್ಯದ ನಡುವೆ ಬಂದು ಕೂರುತ್ತವೆ. ಅವಲಕ್ಕಿಯನ್ನು ಮತ್ತೆ ಭತ್ತ ಮಾಡಲು ಹೊರಟಂತೆ.

ಇಷ್ಟೆಲ್ಲ ಬೀಗವಿಲ್ಲದ ಪುಸ್ತಕದ ಮಾತು. ಡಿಆರ್‌ಎಂ ಎಂಬ ಬೀಗ ಬಿದ್ದ ಕಡತ ಸಿಕ್ಕರೆ ಕ್ಯಾಲಿಬರ್ ಕೈಚೆಲ್ಲುತ್ತದೆ. ಆ ಬೀಗದ ಕೀಲಿ ಓದುಗನ ಬಳಿ ಇರುವುದಿಲ್ಲ, ಅಂಗಡಿಯವನ ಬಳಿ ಇರುತ್ತದೆ. ಅಂಗಡಿಯೇ ಮುಚ್ಚಿದರೆ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿಗೆ ಬಾಗಿಲು ಹಾಕಿತು. ಕೊಂಡವರ ಪುಸ್ತಕಗಳೂ ತೆರೆಯದಾದವು. ಕಂಪನಿ ಹಣವನ್ನೇನೋ ವಾಪಸ್ ಕೊಟ್ಟಿತು. ಪುಟಗಳ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರ್ ಹೆಚ್ಚಿಗೆ ಜಮೆ ಮಾಡಿತು. ಓದುತ್ತಾ ಹೊಳೆದದ್ದಕ್ಕೆ ಕಟ್ಟಿದ ಬೆಲೆ ಅದು.

ಬೀಗ ಒಡೆಯುವುದು ಅಪರಾಧವೇ? ಅಮೆರಿಕದ 1998ರ ಕಾನೂನು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಒಡೆಯುವುದನ್ನೇ ನಿಷೇಧಿಸುತ್ತದೆ. 2012ರ ತಿದ್ದುಪಡಿಯಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು ಕೊಂಚ ಭಿನ್ನ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಆ ‘ಉದ್ದೇಶ’ ಎಂಬ ಪದ ಸಣ್ಣದಲ್ಲ. ಆದರೆ ಅದನ್ನೇ ನೆಚ್ಚಿಕೊಂಡು ಕೊಂಡ ಪುಸ್ತಕವನ್ನು ಊರಿಗೆಲ್ಲ ಹಂಚಿದರೆ ಯಾವ ಕಲಮೂ ಕಾಪಾಡದು.

ಕನ್ನಡದ ಕಥೆ ಇನ್ನೊಂದು ಬಗೆ. 2016ರ ಕೊನೆಯಲ್ಲಿ ಕಿಂಡಲ್ ಅಂಗಡಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ನಮಗೆ ಬೀಗಕ್ಕಿಂತ ದೊಡ್ಡ ತಲೆನೋವು ಅಕ್ಷರದ್ದು. ಎಷ್ಟೋ ವರ್ಷ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ತೆರೆದು ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಪುಟ ಕಟ್ಟಿದ್ದಾರೆ. ಹಳೆಯ ನುಡಿಯಲ್ಲಿ ಪರದೆಯ ಮೇಲೆ ‘ಕ’ ಎಂದು ಕಾಣುವುದು ಕಡತದೊಳಗೆ ರೋಮನ್ ‘ಪಿ’. ‘ನ’ ಇರುವಲ್ಲಿ ಬ್ರಿಟಿಷ್ ಪೌಂಡಿನ ಗುರುತು! ಫಾಂಟು ಕಳಚಿದ ಕೂಡಲೇ ಕಾದಂಬರಿಯೆಲ್ಲ ಕಲಸುಮೇಲೋಗರ. ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ, ಆದರೆ ಅರ್ಕಾವತ್ತು ಬಂದಲ್ಲಿ ಕೆಲವು ಎಡವುತ್ತವೆ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ಮೊದಲು ಬರಬೇಕು. ‘ಕನಾರ್ಟಕ’ ಎಂಬ ವಿಚಿತ್ರ ರಾಜ್ಯ ಹುಟ್ಟುವುದು ಹೀಗೆ.

ಅಂಥ ಕಡತವನ್ನು ಸಾಲುಸಾಲಾಗಿ ಓದಿ ತಿದ್ದದೆ ಬೇರೆ ದಾರಿಯಿಲ್ಲ. ಹೊಸ ಪುಸ್ತಕ ಅಚ್ಚಿಗೆ ಕಳಿಸುವ ಲೇಖಕರು, ಪ್ರಕಾಶಕರು ಪಿಡಿಎಫ್ ಜೊತೆಗೆ ಯುನಿಕೋಡಿನಲ್ಲಿ ತಿದ್ದಿದ ಕೊನೆಯ ಪ್ರತಿಯನ್ನೂ ಡಿಟಿಪಿಯವರಿಂದ ಕೇಳಿ ಇಟ್ಟುಕೊಳ್ಳಲಿ.