ಹುಡುಕಿದ ಕೂಲಿಗೆ ಬೆಲೆ ಎಷ್ಟು?

ಇಪ್ಪತ್ತೈದು ವರ್ಷ ದಾಟಿದ ನನ್ನ ಪೆಟ್ರೋಲ್ ಕಾರು ಕಳೆದ ವರ್ಷ ಒಂದು ವಿಚಿತ್ರ ವ್ಯಾಧಿಗೆ ತುತ್ತಾಯಿತು. ಬೆಂಗಳೂರಿನ ಮನೆಯಿಂದ ಹೊರಡುವಾಗ ಒಂದೇ ಸಲಕ್ಕೆ ಚಾಲೂ ಆಗುತ್ತಿದ್ದ ಎಂಜಿನ್, ಮಾಗಡಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ‘ಟಕ್’ ಎಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಅದೂ ಪ್ರತಿ ಸಲವಲ್ಲ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ತಾನಾಗಿಯೇ ಸರಿಹೋಗಿರುತ್ತಿತ್ತು. ಗ್ಯಾರೇಜಿನವರ ಎದುರಂತೂ ಇನ್‌ಸ್ಪೆಕ್ಟರು ಬಂದ ದಿನದ ಶಾಲಾ ಮಕ್ಕಳಂತೆ ಪರಮ ಶಿಸ್ತು.

ಪೂರ್ತಿ ಕೆಟ್ಟು ನಿಂತ ವಾಹನವನ್ನು ರಿಪೇರಿ ಮಾಡುವುದು ಸುಲಭ. ಹೀಗೆ ಬಂದು ಹೋಗುವ ದೋಷವೇ ಕಷ್ಟ. ಮೂರು ತಿಂಗಳಲ್ಲಿ ಎರಡು ಗ್ಯಾರೇಜುಗಳನ್ನು ಕಂಡೆ. ಮೊದಲು ಹೊಸ ಬ್ಯಾಟರಿ ಬಂತು, ಆಮೇಲೆ ಸೆಲ್ಫ್ ಮೋಟಾರ್ ಬದಲಾಯಿತು, ಕೊನೆಗೆ ಆಲ್ಟರ್ನೇಟರ್ ಬಿಚ್ಚಿಸಿ ಹೊಸ ಬ್ರಶ್ಶುಗಳನ್ನು ಹಾಕಿಸಿದ್ದಾಯಿತು. ಒಟ್ಟು 11 ಸಾವಿರ ರೂಪಾಯಿ ತೆತ್ತೆ. ದೋಷ ಮಾತ್ರ ಇದ್ದಲ್ಲೇ ಇತ್ತು.

ಸರ್ಕಾರಿ ನೌಕರಿ ಕಲಿಸಿದ ಒಂದು ಚಟ ಆಗ ನೆರವಿಗೆ ಬಂತು. ಕಾರಿನಲ್ಲಿ ಒಂದು ನೋಟ್ ಪುಸ್ತಕ ಇಟ್ಟು, ಕೈಕೊಟ್ಟ ಪ್ರತಿ ಸಲವೂ ದಿನಾಂಕ, ವೇಳೆ, ಹವಾಮಾನ, ಓಡಿದ ದೂರ, ನಿಲ್ಲಿಸಿದ್ದ ಅವಧಿ, ಆಗ ಯಾವ ದೀಪ ಉರಿಯುತ್ತಿತ್ತು ಎಂಬುದನ್ನು ಬರೆಯತೊಡಗಿದೆ. ಮಾಗಡಿಯ ಬಳಿ ಹಿರಿಯರ ತುಂಡು ಜಮೀನಿದೆ, ಕನಕಪುರದಲ್ಲಿ ತಂಗಿಯ ಮನೆಯಿದೆ. ಹಾಗಾಗಿ ಓಡಾಟಕ್ಕೆ ಕೊರತೆಯಿರಲಿಲ್ಲ. ಒಂಬತ್ತು ದಾಖಲೆಗಳಾದ ಮೇಲೆ ಚಿತ್ರ ಸ್ಪಷ್ಟವಾಯಿತು. ತಣ್ಣಗಿನ ಎಂಜಿನ್ ಒಮ್ಮೆಯೂ ಮುಷ್ಕರ ಹೂಡಿರಲಿಲ್ಲ. ಒಂಬತ್ತೂ ಸಲ ಎಂಜಿನ್ ಕಾದಿತ್ತು. ಗ್ಯಾರೇಜಿಗೆ ನಾನು ಹೋಗುತ್ತಿದ್ದುದೋ ಬೆಳಗಿನ ತಂಪಿನಲ್ಲಿ!

ಆ ಪುಸ್ತಕವನ್ನು ಕೊನೆಗೆ ತೋರಿಸಿದ್ದು ರಾಮನಗರದಲ್ಲಿ, ಹಳೆಯ ಮೈಸೂರು ರಸ್ತೆಯ ಬದಿಯ ಒಬ್ಬ ವಯಸ್ಸಾದ ಆಟೊ ಎಲೆಕ್ಟ್ರೀಷಿಯನ್‌ಗೆ. ಅವರು ಪುಟ ತಿರುವಿ ನಕ್ಕರು. ‘ಸಾರ್, ಚೆನ್ನಾಗಿದ್ದಾಗ ತಂದ್ರೆ ನಾನೇನು ನೋಡ್ಲಿ? ಕೆಟ್ಟಾಗ ತನ್ನಿ’ ಎಂದರು. ಒಂದು ಮಧ್ಯಾಹ್ನ ಕನಕಪುರದಿಂದ ನೇರವಾಗಿ ಅವರ ಅಂಗಡಿಗೆ ಓಡಿಸಿ ಎಂಜಿನ್ ನಿಲ್ಲಿಸಿದೆ. ಮತ್ತೆ ಕೀ ತಿರುಗಿಸಿದರೆ ‘ಟಕ್’. ಅಷ್ಟು ಸಂತೋಷ ಆ ಸದ್ದಿನಿಂದ ನನಗೆಂದೂ ಆಗಿರಲಿಲ್ಲ.

ಅವರು ಮೊದಲು ಬ್ಯಾಟರಿಯನ್ನು ಮುಟ್ಟಲಿಲ್ಲ. ಇನ್ನೆರಡು ಸಲ ಕೀ ತಿರುಗಿಸಲು ಹೇಳಿ ಕ್ಲಚ್ ಕೇಬಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅದು ಬಿಸಿಯಾಗಿತ್ತು. ನನಗೂ ಮುಟ್ಟಿಸಿದರು. ಬಳಿಕ ಜಂಪ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಕಚ್ಚಿಸಿದರು. ಈ ಬಾರಿ ಎಂಜಿನ್ ಕ್ಷಣಮಾತ್ರದಲ್ಲಿ ಚಾಲೂ ಆಯಿತು.

ಕಾರಣ ಇಷ್ಟು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೆಲಸ ಮುಗಿಸಿ ವಾಹನದ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳಬೇಕು. ಆದರೆ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರು ವಿದ್ಯುತ್ತನ್ನು ಹರಿಯಗೊಡದು. ಆದ್ದರಿಂದ ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಅರ್ಥ್ ಪಟ್ಟಿ ಎನ್ನುತ್ತಾರೆ. ಅದು ಸವೆದರೆ ವಿದ್ಯುತ್ತು ಕ್ಲಚ್ ಕೇಬಲಿನಂಥ ಅಡ್ಡದಾರಿ ಹಿಡಿಯುತ್ತದೆ. ಸೆಲ್ಫ್ ಮೋಟಾರ್ ಸುಮಾರು 100 ಆಂಪಿಯರ್ ಬೇಡುತ್ತದೆಂದು ಹಿಡಿಯೋಣ. ಹಾದಿಯಲ್ಲಿ ಓಮಿನ ಐವತ್ತನೇ ಒಂದು ಭಾಗದಷ್ಟು ಹೆಚ್ಚುವರಿ ತಡೆಯಿದ್ದರೆ ಸಾಕು, 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಕಾವೇರಿದಂತೆ ಆ ತಡೆ ಇನ್ನೂ ಬೆಳೆಯುತ್ತದೆ. ಸಾಧಾರಣ ಮೀಟರಿನಲ್ಲಿ ಓಮ್ ಅಳೆದರೆ ಇದು ಕಾಣುವುದೇ ಇಲ್ಲ. ಹತ್ತಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರು ‘ಎಲ್ಲ ಸರಿಯಿದೆ’ ಎಂದು ಷರಾ ಬರೆಯುತ್ತದೆ. ಸೆಲ್ಫ್ ತಿರುಗುವಾಗಲೇ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿಗೂ ನಡುವೆ ವೋಲ್ಟೇಜ್ ಅಳೆಯಬೇಕು. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು ನನ್ನ ಕಾರಿನಲ್ಲಿ ಎರಡನ್ನೂ ಮೀರಿತ್ತು. ಬಿಚ್ಚಿ ನೋಡಿದರೆ ಪಟ್ಟಿಯ ಅರ್ಧಕ್ಕೂ ಹೆಚ್ಚು ಎಳೆಗಳು ತುಂಡಾಗಿ ಹಸಿರು ಕಿಲುಬು ಹಿಡಿದಿದ್ದವು.

ಹೊಸ ಪಟ್ಟಿ ಹಾಕಿ ಅವರು ಕೇಳಿದ್ದು ಆರುನೂರು ರೂಪಾಯಿ. ‘ಒಂದು ಪಟ್ಟಿಗೆ ಆರುನೂರೇ?’ ಎಂದುಬಿಟ್ಟೆ. ಅವರು ವಾದ ಮಾಡಲಿಲ್ಲ. ‘ನಿಮಗೆ ತೋಚಿದ್ದು ಕೊಡಿ ಸಾರ್’ ಎಂದು ಕೈ ಒರೆಸಿಕೊಂಡರು. ಬೇಡವಾದ ಬಿಡಿಭಾಗಗಳಿಗೆ 11 ಸಾವಿರವನ್ನು ತುಟಿಪಿಟಕ್ಕೆನ್ನದೆ ತೆತ್ತವನು ನಾನು. ಆರುನೂರನ್ನೇ ಕೊಟ್ಟೆ, ಆದರೆ ಆಡಿದ ಮಾತು ಆಡಿದಂತೆಯೇ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬಿಬ್ಬರು, ಕೊಂಡ ಮೇಲೂ ಅದರ ಅಗತ್ಯವಿತ್ತೇ ಎಂದು ಗಿರಾಕಿ ಅರಿಯಲಾರದ ಸೇವೆಗಳ ಬಗ್ಗೆ ಬರೆದರು. ಇವನ್ನು ನಂಬಿಕೆಯ ಸರಕು ಎನ್ನಬಹುದು. ರಿಪೇರಿ ಕೆಲಸ ಅದರ ಮಾದರಿ ಉದಾಹರಣೆ. ಬಿಡಿಭಾಗಕ್ಕೆ ಪೆಟ್ಟಿಗೆಯಿದೆ, ರಸೀದಿಯಿದೆ, ವಾರಂಟಿಯಿದೆ. ಹುಡುಕಾಟಕ್ಕೆ ಇವಾವುವೂ ಇಲ್ಲ. ಹೀಗಿರುವಾಗ ಗ್ಯಾರೇಜಿನವರು ಹುಡುಕುವುದನ್ನು ಬಿಟ್ಟು ಬದಲಾಯಿಸುವುದನ್ನೇ ಆರಿಸಿಕೊಂಡರೆ ದೂರುವುದು ಯಾರನ್ನು? ಈಗಿನ ಕಾರುಗಳಿಗೆ ಸ್ಕ್ಯಾನರ್ ಇದೆಯಲ್ಲ ಎನ್ನುವವರುಂಟು. ಅರ್ಥ್ ಕೆಟ್ಟಾಗ ಆ ಸ್ಕ್ಯಾನರ್ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ದೋಷಗಳನ್ನು ಒಟ್ಟಿಗೆ ತೋರಿಸುವುದೂ ಉಂಟು.

ನನ್ನದಾದರೋ ನಿವೃತ್ತನ ಕಾಲಹರಣದ ಕಾರು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಸೀಮೆಯಲ್ಲಿ ಹಳೆಯ ವಾಹನವನ್ನೇ ನಂಬಿ ಬದುಕುವವರು ಹಲವರು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯೇ ಮುಳುಗಿ ಬಸ್ಸು, ಕಾರುಗಳು ನೀರಿನಲ್ಲಿ ನಿಂತದ್ದು ಓದುಗರಿಗೆ ನೆನಪಿರಬಹುದು. ಹಾಗೆ ನೀರು ಕುಡಿದ ವಾಹನ ಒಣಗಿದ ಮೇಲೂ ಕಪ್ಲರುಗಳೊಳಗೆ ಕಿಲುಬು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ದೋಷ ತಲೆದೋರುವುದು ತಿಂಗಳುಗಳ ಬಳಿಕ, ಬಹುಶಃ ಎರಡನೆಯ ಮಾಲೀಕನ ಕೈಯಲ್ಲಿ. ಹುಡುಕಬಲ್ಲವರೋ ಕಡಿಮೆಯಾಗುತ್ತಿದ್ದಾರೆ. 2023ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ದಾಟಿಸತೊಡಗಿದ ಮೇಲೆ ಹಳೆಯ ರಸ್ತೆಯ ಬದಿಯ ವ್ಯಾಪಾರ ಸೊರಗಿತು. ನಮ್ಮ ಎಲೆಕ್ಟ್ರೀಷಿಯನ್ನರ ಮಗ ಬೆಂಗಳೂರಿನಲ್ಲಿ ಕಾರುಗಳಿಗೆ ಹಿಂಬದಿಯ ಕ್ಯಾಮೆರಾ ಜೋಡಿಸುತ್ತಾನೆ. ಅದಕ್ಕೆ ನಿಗದಿತ ದರವಿದೆ.

ಈಚೆಗೆ ಚನ್ನಪಟ್ಟಣಕ್ಕೆ ಹೋಗುತ್ತ ಅವರನ್ನು ಕಾಣಲು ನಿಂತೆ. ರೇಷ್ಮೆಗೂಡು ಸಾಗಿಸುವ ಹಳೆಯ ಗೂಡ್ಸ್ ಗಾಡಿಯೊಂದು ಅಂಗಡಿಯ ಮುಂದಿತ್ತು. ಚಾಲಕನ ಅಳಲೂ ನನ್ನದೇ: ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ‘ಎರಡು ದಿನ ಬಿಟ್ಟು ಹೋಗಪ್ಪ, ಕೆಟ್ಟಾಗ ಹಿಡೀತೀನಿ’ ಎಂದರು ಇವರು. ಎರಡು ದಿನವೆಂದರೆ ಎರಡು ದಿನದ ಬಾಡಿಗೆ. ಅದೂ ಅಲ್ಲದೆ ಮರುದಿನ ಬೆಳಿಗ್ಗೆ ಯಾರದೋ ಗೂಡು ಮಾರುಕಟ್ಟೆಯ ಹರಾಜಿಗೆ ಮುಟ್ಟಲೇಬೇಕು. ಗೂಡು ಕಾಯುವ ಸರಕಲ್ಲ, ತಡವಾದರೆ ಚಿಟ್ಟೆ ಕೊರೆದು ಹೊರಬರುತ್ತದೆ. ಚಾಲಕ ಸ್ವಲ್ಪ ಹೊತ್ತು ಯೋಚಿಸಿದ. ಎದುರಿನ ಅಂಗಡಿಯಲ್ಲಿ ಕಂತಿನ ಮೇಲೆ ಹೊಸ ಬ್ಯಾಟರಿ ಹಾಕಿಸಿಕೊಂಡು ಹೊರಟುಹೋದ.