ಸಹಸಂಬಂಧ ಪರೀಕ್ಷೆಗೆ ಬಾವಿಗಳೆಷ್ಟು ಬೇಕು?

ವಿಜಯಪುರ ನಗರಕ್ಕೆ ಪಶ್ಚಿಮದಲ್ಲಿರುವ ತಿಕೋಟಾ ಹಾಗೂ ನೈಋತ್ಯದಲ್ಲಿರುವ ಬಬಲೇಶ್ವರ, ಈ ಎರಡು ತಾಲ್ಲೂಕುಗಳಲ್ಲಿ ದ್ರಾಕ್ಷಿಯು ಮುಖ್ಯವಾದ ತೋಟದ ಬೆಳೆ. ಮಳೆ ಅಲ್ಪವಾದ ಈ ಸೀಮೆಯಲ್ಲಿ ಅನೇಕ ತೋಟಗಳಿಗೆ ಕೊಳವೆಬಾವಿಯೇ ಆಧಾರ. ಡೋಣಿ ನದಿಯ ಕಣಿವೆಯ ನೀರು ಉಪ್ಪೆಂಬುದು ಪ್ರಸಿದ್ಧವಾದ ಸಂಗತಿ. ಅಂತಹ ನೀರನ್ನು ದ್ರಾಕ್ಷಿಯ ಬಳ್ಳಿ ಬಹುಕಾಲ ಸಹಿಸಲಾರದು. ಬಾವಿ ಆಳವಾದಂತೆ ಉಪ್ಪು ಹೆಚ್ಚುವುದೋ ಇಲ್ಲವೋ ಎಂಬ ಪ್ರಶ್ನೆಯು ಆದುದರಿಂದ ಕೇವಲ ಗಣಿತದ ವಿನೋದವಲ್ಲ. ಸಾಲಮಾಡಿ ಮತ್ತೂ ನೂರಡಿ ಕೊರೆಯಿಸಬೇಕೇ ಬಿಡಬೇಕೇ ಎಂಬ ರೈತನ ನಿರ್ಧಾರವು ಅದರ ಉತ್ತರವನ್ನು ಅವಲಂಬಿಸಿದೆ.

ಎರಡು ಪರಿಮಾಣಗಳು ಜೊತೆಜೊತೆಯಾಗಿ ಏರಿಳಿಯುವುದನ್ನು ಅಳೆಯುವ ಅಂಕಕ್ಕೆ ಸಹಸಂಬಂಧಾಂಕವೆಂದು ಹೆಸರು. ಅದು ಋಣ ೧ರಿಂದ ಧನ ೧ರವರೆಗೆ ಇರುವುದು. ಸೊನ್ನೆಯೆಂದರೆ ಸರಳರೇಖೆಯ ಸಂಬಂಧವಿಲ್ಲವೆಂದರ್ಥ. ಈ ಕಲ್ಪನೆಯನ್ನು ಗಾಲ್ಟನನು ೧೮೮೮ರಲ್ಲಿ ಮುಂದಿಟ್ಟನು. ಕಾರ್ಲ್ ಪಿಯರ್ಸನನು ೧೮೯೬ರಲ್ಲಿ ಅದಕ್ಕೆ ಗಣಿತದ ರೂಪವನ್ನು ಕೊಟ್ಟನು. ಅಲ್ಪಸಂಖ್ಯೆಯ ಮಾದರಿಗಳಲ್ಲಿ ಈ ಅಂಕವು ಎಷ್ಟು ಚಂಚಲವೆಂಬುದನ್ನು ‘ಸ್ಟೂಡೆಂಟ್’ ಎಂಬ ಗುಪ್ತನಾಮದ ಗಾಸೆಟನು ೧೯೦೮ರಲ್ಲಿ ಪರಿಶೀಲಿಸಿದನು. ೧೯೧೫ ಮತ್ತು ೧೯೨೧ರ ಲೇಖನಗಳಲ್ಲಿ ಫಿಶರನು ಆ ಚಾಂಚಲ್ಯವನ್ನು ಲೆಕ್ಕಹಾಕುವ ಮಾರ್ಗವನ್ನು ತೋರಿಸಿದನು. ಸಹಸಂಬಂಧಾಂಕವನ್ನು ಒಂದು ವಿಶೇಷ ಮಾನಕ್ಕೆ ಪರಿವರ್ತಿಸಿದರೆ ಅದರ ಪ್ರಮಾಣದೋಷವನ್ನು ಸುಲಭವಾಗಿ ತಿಳಿಯಬಹುದು: ಮಾದರಿಯ ಸಂಖ್ಯೆಯಿಂದ ೩ನ್ನು ಕಳೆದು, ಉಳಿದುದರ ವರ್ಗಮೂಲದಿಂದ ೧ನ್ನು ಭಾಗಿಸತಕ್ಕದ್ದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಹತ್ತು ಬಾವಿಗಳ ಆಳವನ್ನೂ ಲವಣಾಂಶವನ್ನೂ ಅಳೆದಾಗ ಸಹಸಂಬಂಧಾಂಕವು ೦.೬೦ ಬಂದಿತೆನ್ನೋಣ. ನೋಡುವುದಕ್ಕೆ ಇದು ಬಲವಾದ ಸಂಬಂಧವೇ ಸರಿ. ಆದರೆ ಫಿಶರನ ಮಾರ್ಗದಿಂದ ಗುಣಿಸಿದರೆ, ನೂರಕ್ಕೆ ೯೫ರ ಭರವಸೆಯ ಮೇರೆಗಳು ಋಣ ೦.೦೫ರಿಂದ ಧನ ೦.೮೯ರವರೆಗೆ ಹಬ್ಬುವುವು, ಸಂಬಂಧವೇ ಇಲ್ಲದಿರುವ ಸಾಧ್ಯತೆಯೂ ಅದರೊಳಗೆ ಸೇರಿದೆ. ಮೂವತ್ತು ಬಾವಿಗಳಿಂದ ಅದೇ ಅಂಕ ಬಂದರೆ ಮೇರೆಗಳು ೦.೩೧ ಮತ್ತು ೦.೭೯, ನೂರು ಬಾವಿಗಳಿಂದಾದರೆ ೦.೪೬ ಮತ್ತು ೦.೭೧. ಸಂಖ್ಯೆಯು ಹತ್ತುಪಟ್ಟು ಹೆಚ್ಚಿದರೂ ಮೇರೆಗಳ ಅಂತರವು ಕಾಲುಭಾಗದಷ್ಟು ಉಳಿದೇ ಇರುವುದು. ನಿಖರತೆಯ ಬೆಲೆ ಹೀಗೆ ಕ್ರಮೇಣ ದುಬಾರಿಯಾಗುವುದು.

ಮಾದರಿಯ ಸಂಖ್ಯೆಯನ್ನು ಮೊದಲೇ ನಿಶ್ಚಯಿಸಬೇಕಾದರೆ, ಎಷ್ಟು ಸಣ್ಣ ಸಂಬಂಧವು ಗಮನಾರ್ಹವೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇಲ್ಲದ ಸಂಬಂಧವನ್ನು ಉಂಟೆಂದು ಭ್ರಮಿಸುವ ಸಂಭವ ನೂರಕ್ಕೆ ೫ನ್ನು ಮೀರಬಾರದು. ಇರುವ ಸಂಬಂಧವು ನೂರಕ್ಕೆ ೮೦ ಸಲವಾದರೂ ಗೋಚರಿಸಬೇಕು. ಈ ಎರಡು ನಿಯಮಗಳಿಗೆ ಒಳಪಟ್ಟರೆ, ೦.೫೦ರಷ್ಟು ಸಂಬಂಧಕ್ಕೆ ಸುಮಾರು ೩೦, ೦.೩೦ಕ್ಕೆ ಸುಮಾರು ೮೫, ೦.೧೦ಕ್ಕೆ ಸುಮಾರು ೭೮೩ ಬಾವಿಗಳು ಬೇಕಾಗುವುವು. ಮೂವತ್ತಿದ್ದರೆ ಸಾಕೆಂಬ ರೂಢಿಯ ಮಾತು ಬಲವಾದ ಸಂಬಂಧಕ್ಕೆ ಮಾತ್ರ ಸಲ್ಲುವುದೆಂಬುದು ಇದರಿಂದ ಸ್ಪಷ್ಟ.

ಆದರೆ ಸಂಖ್ಯೆಯೊಂದೇ ಸಾಲದು. ಮೇಲಿನ ಲೆಕ್ಕವು ಬಾವಿಗಳು ಒಂದಕ್ಕೊಂದು ಸ್ವತಂತ್ರವೆಂದು ಎಣಿಸುತ್ತದೆ. ಒಂದೇ ಊರಿನ ಒಂದೇ ಕಲ್ಲುಪದರದಿಂದ ನೀರು ಪಡೆಯುವ ಐವತ್ತು ಬಾವಿಗಳು ಹೆಸರಿಗೆ ಐವತ್ತು. ಸಾಕ್ಷ್ಯದ ತೂಕದಲ್ಲಿ ಬಹಳ ಕಡಿಮೆ. ಒಂದು ಊರಿನಲ್ಲಿ ಹಲವು ಬಾವಿಗಳನ್ನು ಅಳೆಯುವುದಕ್ಕಿಂತ ಹಲವು ಊರುಗಳಲ್ಲಿ ಒಂದೆರಡನ್ನು ಅಳೆಯುವುದು ಮೇಲು. ಭಿನ್ನಜಾತಿಯ ಬಾವಿಗಳನ್ನು ಬೆರೆಸುವುದೂ ಅಪಾಯಕರ. ನಗರದ ತಾಜ್ ಬಾವಡಿ, ಚಾಂದ ಬಾವಡಿಗಳಂತಹ ಆದಿಲಶಾಹಿ ಕಾಲದ ತೆರೆದ ಬಾವಿಗಳ ಆಳ ಕಡಿಮೆ. ಹಳ್ಳಿಯ ಕೊಳವೆಬಾವಿಗಳದು ಹೆಚ್ಚು. ಎರಡು ಗುಂಪುಗಳ ಲವಣಾಂಶವು ಬೇರೆ ಬೇರೆ ಕಾರಣಗಳಿಂದ ಭಿನ್ನವಾಗಿದ್ದರೆ, ಕೂಡಿಸಿದ ಲೆಕ್ಕದಲ್ಲಿ ಯಾವ ಗುಂಪಿನಲ್ಲಿಯೂ ಇಲ್ಲದ ಸಂಬಂಧವೊಂದು ತಲೆದೋರಬಹುದು. ಈ ದೋಷವನ್ನು ಸಾವಿರ ಬಾವಿಗಳೂ ನಿವಾರಿಸಲಾರವು.

ಸಾರಾಂಶವಿಷ್ಟು: ಗುಂಪನ್ನು ಮೊದಲು ವಿಂಗಡಿಸಬೇಕು, ಗಮನಾರ್ಹವಾದ ಸಂಬಂಧವನ್ನು ನಿಶ್ಚಯಿಸಿ ಅದಕ್ಕೆ ತಕ್ಕ ಸಂಖ್ಯೆಯನ್ನು ಆರಿಸಬೇಕು, ಬೇಕಾದ ಉತ್ತರ ಬಂದೊಡನೆ ಅಳತೆಯನ್ನು ನಿಲ್ಲಿಸಬಾರದು, ಅಂಕದೊಡನೆ ಅದರ ಮೇರೆಗಳನ್ನೂ ಪ್ರಕಟಿಸಬೇಕು. ಹತ್ತು ಬಾವಿಗಳ ಲೆಕ್ಕವನ್ನು ನಂಬಿ ಕೊರೆಯಿಸಿದವನಿಗೂ, ಅದನ್ನೇ ನಂಬಿ ಕೊರೆಯಿಸದೆ ತೋಟವನ್ನು ಒಣಗಿಸಿಕೊಂಡವನಿಗೂ ಆಗುವ ನಷ್ಟವು ಒಂದೇ.