ಮನೆಯ ಮೆಟ್ಟಿಲೇ ಬೆಟ್ಟವಾದಾಗ

ಸ್ಕಾಟ್ಲೆಂಡಿನ ವಾಯವ್ಯ ಮೂಲೆಯ ಸದರ್‌ಲೆಂಡ್ ಪ್ರದೇಶದಲ್ಲಿ ಸೂಲ್ವೆನ್ ಎಂಬ ಬೆಟ್ಟವಿದೆ. ಎತ್ತರ 731 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕೂ ಬಾರದ ಎತ್ತರ. ಆದರೆ ಸುತ್ತಲೂ ಕೆರೆ, ಜೌಗು ತುಂಬಿದ ತಗ್ಗು ನೆಲದ ನಡುವೆ ಅದು ಒಂಟಿಯಾಗಿ, ಕಂಬ ನೆಟ್ಟ ಹಾಗೆ ಎದ್ದು ನಿಂತಿದೆ. ಹಳೆಯ ನಾರ್ಸ್ ಭಾಷೆಯ 'ಕಂಬ' ಎಂಬ ಪದದಿಂದಲೇ ಅದಕ್ಕೆ ಆ ಹೆಸರು ಬಂದಿದೆ ಎನ್ನುತ್ತಾರೆ.

2020ರ ಏಪ್ರಿಲ್‌ನಲ್ಲಿ ಆ ಪ್ರದೇಶದ ಮಾರ್ಗರೆಟ್ ಪೇನ್ ಎಂಬ 90 ವರ್ಷದ ಅಜ್ಜಿ ಸೂಲ್ವೆನ್ ಹತ್ತಲು ನಿರ್ಧರಿಸಿದರು. ಹದಿನೈದರ ಹರೆಯದಲ್ಲಿ ಒಮ್ಮೆ ಅವರು ಆ ಬೆಟ್ಟವನ್ನು ನಿಜವಾಗಿಯೇ ಹತ್ತಿದ್ದರು. ಈ ಸಲ ಹತ್ತಿದ್ದು ತಮ್ಮ ಮನೆಯ ಮೆಟ್ಟಿಲನ್ನು. ಕೋವಿಡ್ ಹಾವಳಿಯಿಂದ ಇಡೀ ದೇಶ ಬಾಗಿಲು ಹಾಕಿಕೊಂಡಿದ್ದ ದಿನಗಳವು. ಮನೆಯ ಮೆಟ್ಟಿಲನ್ನು 282 ಬಾರಿ ಹತ್ತಿದರೆ ಸೂಲ್ವೆನ್ ನೆತ್ತಿಗೆ ಸಮ ಎಂದು ಲೆಕ್ಕ ಹಾಕಲಾಯಿತು. ದಿನಕ್ಕೆ ಸರಾಸರಿ ನಾಲ್ಕು ಬಾರಿಯಂತೆ ಹತ್ತಿ, 73 ದಿನಗಳಲ್ಲಿ, ಜೂನ್ ತಿಂಗಳಲ್ಲಿ ಅವರು 'ಶಿಖರ' ಮುಟ್ಟಿದರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆಂದೂ, ತಮ್ಮ ಪತಿಯನ್ನು ಕೊನೆಯ ದಿನಗಳಲ್ಲಿ ನೋಡಿಕೊಂಡ ಆರೈಕೆ ಸಂಸ್ಥೆಗೆಂದೂ ಅವರು ಕೋರಿದ್ದ ದೇಣಿಗೆ ಮೂರು ಲಕ್ಷ ಪೌಂಡುಗಳನ್ನು ಮೀರಿತು.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಬೆಟ್ಟದ ಬುಡಕ್ಕೂ ಹೋಗದವರನ್ನು ಬೆಟ್ಟ ಹತ್ತಿದವರೆಂದು ಜನ ಒಪ್ಪಿಕೊಳ್ಳುವುದು ಹೇಗೆ? ಹಾಗೆ ಹತ್ತಿದ ಮಾತ್ರಕ್ಕೆ, ಎಲ್ಲೋ ಇರುವ ಅಪರಿಚಿತರು ತಮ್ಮ ಜೇಬಿನಿಂದ ಹಣ ತೆಗೆದು ಕೊಡುವುದೇಕೆ? ಮೇಲುನೋಟಕ್ಕೆ ಇದು ಕಂಪ್ಯೂಟರ್ ಯುಗದ ಹೊಸ ಆಟದಂತೆ ಕಾಣುತ್ತದೆ. ಆದರೆ ಇದರ ಬೇರುಗಳು ನಾವು ಎಣಿಸುವುದಕ್ಕಿಂತ ಹಳೆಯವು.

ಲೆಕ್ಕದ ಬೆಟ್ಟ

ಮೊದಲು ಲೆಕ್ಕವನ್ನೇ ನೋಡೋಣ. ಮನೆಯ ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ ಸುಮಾರು 10 ಅಡಿ, ಅಂದರೆ ಮೂರು ಮೀಟರಿಗಿಂತ ತುಸು ಹೆಚ್ಚು ಎತ್ತರವಿದೆ ಎಂದುಕೊಳ್ಳಿ. ಅಲ್ಲಿ 18 ಮೆಟ್ಟಿಲುಗಳಿದ್ದರೆ ದಿನಕ್ಕೆ ಎಂಟು ಬಾರಿಯಂತೆ ಒಂದು ವಾರ ಹತ್ತಿದವರು ಸಾವಿರದೆಂಟು ಮೆಟ್ಟಿಲು ಹತ್ತಿದಂತಾಯಿತು. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳೂ ಹೆಚ್ಚುಕಡಿಮೆ ಅಷ್ಟೇ. ಅದೇ ಕ್ರಮದಲ್ಲಿ ಒಂದು ತಿಂಗಳು ಹತ್ತಿದರೆ ಸೂಲ್ವೆನ್, ಒಂದು ವರ್ಷ ಬಿಡದೆ ಹತ್ತಿದರೆ 8,848.86 ಮೀಟರ್ ಎತ್ತರದ ಎವರೆಸ್ಟ್!

ಈ ಲೆಕ್ಕದಲ್ಲಿ ಒಂದು ತಮಾಷೆಯೂ ಇದೆ. ಎವರೆಸ್ಟಿನ ಎತ್ತರವನ್ನು ಅಳೆಯುವುದು ಸಮುದ್ರ ಮಟ್ಟದಿಂದ. ನಿಜವಾದ ಪರ್ವತಾರೋಹಿಗಳು ಹತ್ತಲು ತೊಡಗುವುದು ನೇಪಾಳದ ಕಡೆಯಲ್ಲಿ 5,300 ಮೀಟರಿಗೂ ಮೇಲಿರುವ ಬುಡದ ಶಿಬಿರದಿಂದ. ಸಮುದ್ರದಿಂದಲೇ ಕಾಲ್ನಡಿಗೆಯಲ್ಲಿ ಹೊರಟು ತುದಿ ಮುಟ್ಟಿದವರು ತೀರಾ ವಿರಳ. ಆಸ್ಟ್ರೇಲಿಯದ ಟಿಮ್ ಮೆಕಾರ್ಟ್ನಿ ಸ್ನೇಪ್ 1990ರಲ್ಲಿ ಬಂಗಾಳ ಕೊಲ್ಲಿಯ ದಡದಿಂದ ನಡೆದು ಬಂದು ಎವರೆಸ್ಟ್ ಹತ್ತಿದರು. ಆ ಲೆಕ್ಕದಲ್ಲಿ ನೋಡಿದರೆ ಮನೆಯ ಮೆಟ್ಟಿಲಿನಲ್ಲಿ ಎವರೆಸ್ಟ್ ಹತ್ತುವವರು ಒಂದು ಮೀಟರನ್ನೂ ಬಿಡುವಂತಿಲ್ಲ.

ಹಾಗೆಂದು ಎರಡೂ ಒಂದೇ ಅಲ್ಲ. ಎವರೆಸ್ಟಿನ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೆಯ ಒಂದು ಭಾಗದಷ್ಟು ಮಾತ್ರ. ಮನೆಯಲ್ಲಿ ಹಿಮವಿಲ್ಲ, ಬಿರುಗಾಳಿಯಿಲ್ಲ, ಪ್ರಪಾತವಿಲ್ಲ. ಉಳಿಯುವುದು ಒಂದೇ ಸಂಗತಿ: ಭೂಮಿಯ ಸೆಳೆತದ ವಿರುದ್ಧ ತನ್ನ ಭಾರವನ್ನು ತಾನೇ ಎತ್ತಿಕೊಂಡು ಹೋಗುವುದು. ಅದರಲ್ಲಿ ಮೋಸವಿಲ್ಲ. 60 ಕಿಲೋ ತೂಕದ ದೇಹವನ್ನು 731 ಮೀಟರ್ ಮೇಲೆತ್ತಲು ಬೇಕಾದ ಕೆಲಸ ಬೆಟ್ಟದಲ್ಲೂ ಅಷ್ಟೆ, ಅಡುಗೆಮನೆಯ ಪಕ್ಕದ ಮೆಟ್ಟಿಲಿನಲ್ಲೂ ಅಷ್ಟೆ.

ಕಂಡಕ್ಟರನ ಹೃದಯ

ಮೆಟ್ಟಿಲು ಹತ್ತುವುದರಿಂದ ದೇಹಕ್ಕೆ ಒಳಿತೇ? ಈ ಪ್ರಶ್ನೆಯ ಚರಿತ್ರೆ ಲಂಡನ್ನಿನ ಡಬಲ್ ಡೆಕರ್ ಬಸ್ಸಿನಿಂದ ಶುರುವಾಗುತ್ತದೆ. ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಓಡುತ್ತಿದ್ದ ಅಂಥ ಬಸ್ಸುಗಳನ್ನು ಹಿರಿಯ ಓದುಗರು ಮರೆತಿರಲಾರರು. ಡ್ರೈವರ್ ಇಡೀ ದಿನ ಕುಳಿತಿರುತ್ತಾನೆ. ಟಿಕೆಟ್ ಕೊಡುವ ಕಂಡಕ್ಟರ್ ದಿನವಿಡೀ ಮೇಲಕ್ಕೂ ಕೆಳಕ್ಕೂ ಓಡಾಡುತ್ತಾನೆ. ಡಾಕ್ಟರ್ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಇವರಿಬ್ಬರ ಆರೋಗ್ಯವನ್ನು ಹೋಲಿಸಿ 1953ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದಿನಕ್ಕೆ ಸುಮಾರು 600 ಮೆಟ್ಟಿಲು ಹತ್ತುತ್ತಿದ್ದ ಕಂಡಕ್ಟರುಗಳಿಗೆ ಹೃದ್ರೋಗ ಬರುವುದು ಕಡಿಮೆ; ಬಂದರೂ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು.

ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ. ಡ್ರೈವರಾಗಲು ಬರುವವರೇ ಮೊದಲಿನಿಂದ ದಪ್ಪಗಿದ್ದರೆ? ಬಸ್ ಸಂಸ್ಥೆ ಸಮವಸ್ತ್ರ ಹೊಲಿಸುವಾಗ ಬರೆದಿಟ್ಟುಕೊಂಡಿದ್ದ ಸೊಂಟದ ಅಳತೆಗಳನ್ನು ಪರಿಶೀಲಿಸಿದಾಗ ಡ್ರೈವರುಗಳ ಸುತ್ತಳತೆ ಹೆಚ್ಚಿದ್ದುದು ನಿಜವೆಂದು ತಿಳಿಯಿತು. ಅದನ್ನೂ ಅವರು 1956ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಬಸ್ಸಿನ ಮೆಟ್ಟಿಲೊಂದೇ ಎಲ್ಲಕ್ಕೂ ಕಾರಣವಲ್ಲದಿರಬಹುದು. ಆದರೆ ಓಡಾಡುವ ದೇಹಕ್ಕೆ ಹೃದಯದ ಕಾಯಿಲೆ ಕಡಿಮೆ ಎಂಬ ಮಾತನ್ನು ನಂತರದ ಅನೇಕ ಅಧ್ಯಯನಗಳು ಎತ್ತಿಹಿಡಿದಿವೆ.

ಒಂದು ಬೆಟ್ಟ ಹತ್ತಿದರೆ ಬೊಜ್ಜೆಲ್ಲ ಕರಗೀತು ಎಂದು ಆಸೆಪಡಬೇಕಿಲ್ಲ. 60 ಕಿಲೋ ತೂಕದವರು 731 ಮೀಟರ್ ಏರಲು ಖರ್ಚು ಮಾಡುವ ಶಕ್ತಿ ನಾನೂರು ಐನೂರು ಕ್ಯಾಲೊರಿ, ಅಂದರೆ ಒಂದು ಹೊತ್ತಿನ ಊಟದಷ್ಟು. ಲಾಭವಿರುವುದು ದಿನ ತಪ್ಪದ ಅಭ್ಯಾಸದಲ್ಲಿ. ಅಪಾಯವಿರುವುದು ಹತ್ತುವುದಕ್ಕಿಂತ ಹೆಚ್ಚಾಗಿ ಇಳಿಯುವುದರಲ್ಲಿ. ಹತ್ತುವಾಗ ಉಸಿರು ದಣಿದರೆ, ಇಳಿಯುವಾಗ ಮಂಡಿ ದಣಿಯುತ್ತದೆ. ಹೆಜ್ಜೆ ತಪ್ಪುವುದೂ ಆಗಲೇ ಹೆಚ್ಚು. ಆದ್ದರಿಂದ ರೇಲಿಂಗ್ ಬಿಡಬಾರದು. ಎದೆನೋವು, ಮಂಡಿನೋವು ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಊರೊಳಗಿನ ಫ್ಯೂಜಿ

ಇನ್ನು ಮೊದಲ ಪ್ರಶ್ನೆ. ದೂರದ ಬೆಟ್ಟವನ್ನು ಮನೆಯ ಹತ್ತಿರ ತಂದುಕೊಳ್ಳುವ ಉಪಾಯಕ್ಕೆ ಜಪಾನಿನಲ್ಲಿ ಒಂದು ಸೊಗಸಾದ ಪೂರ್ವಜವಿದೆ. 3,776 ಮೀಟರ್ ಎತ್ತರದ ಫ್ಯೂಜಿ ಅಲ್ಲಿನವರಿಗೆ ಪವಿತ್ರ ಪರ್ವತ. ಹದಿನೆಂಟನೆಯ ಶತಮಾನದಲ್ಲಿ ಈಗಿನ ಟೋಕಿಯೋ, ಅಂದಿನ ಎದೊ ನಗರದಲ್ಲಿ ಫ್ಯೂಜಿ ಭಕ್ತರ ಕೂಟಗಳು ಹುಟ್ಟಿಕೊಂಡವು. ಕೂಟದವರೆಲ್ಲ ಹಣ ಕೂಡಿಹಾಕಿ ಪ್ರತಿವರ್ಷ ಕೆಲವರನ್ನು ತಮ್ಮೆಲ್ಲರ ಪರವಾಗಿ ಯಾತ್ರೆಗೆ ಕಳಿಸುತ್ತಿದ್ದರು. ಆದರೆ ಮುದುಕರಿಗೆ, ಕಾಯಿಲೆಯವರಿಗೆ ಆ ಯಾತ್ರೆ ಕಷ್ಟವಿತ್ತು. ಹೆಂಗಸರಂತೂ ಶಿಖರಕ್ಕೆ ಹೋಗುವಂತಿರಲಿಲ್ಲ. ಆ ನಿಷೇಧ ತೆರವಾದದ್ದು 1872ರಲ್ಲಿ.

1779ರ ಸುಮಾರಿಗೆ ತಕದ ತೊಶಿರೊ ಎಂಬ ತೋಟಗಾರ ಎದೊ ನಗರದೊಳಗೇ ಒಂದು ಪುಟ್ಟ ಫ್ಯೂಜಿಯನ್ನು ಕಟ್ಟಿದ. ಮಣ್ಣಿನ ದಿಬ್ಬ ಎಬ್ಬಿಸಿ, ನಿಜವಾದ ಫ್ಯೂಜಿಯಿಂದ ತಂದ ಲಾವಾ ಕಲ್ಲುಗಳನ್ನು ಹೊದಿಸಿದ. ಅದನ್ನು ಹತ್ತಿದವರಿಗೆ ಫ್ಯೂಜಿ ಹತ್ತಿದ ಪುಣ್ಯವೇ ಲಭಿಸುವುದೆಂದು ಜನ ನಂಬಿದರು. ನೋಡನೋಡುತ್ತಿದ್ದಂತೆ ಊರಿನ ಬೇರೆ ಬೇರೆ ಕಡೆ ಇಂಥ ದಿಬ್ಬಗಳೆದ್ದವು. 'ಫ್ಯೂಜಿಜುಕ' ಎಂದು ಅವುಗಳ ಹೆಸರು. ತೊಶಿರೊ ಕಟ್ಟಿದ ಮೂಲ ದಿಬ್ಬ ಈಗಿಲ್ಲವಾದರೂ ಟೋಕಿಯೋದ ಸೆಂದಗಯ ಬಡಾವಣೆಯ ಒಂದು ದೇವಸ್ಥಾನದಲ್ಲಿ 1789ರ ದಿಬ್ಬವೊಂದು ಉಳಿದಿದೆ. ಇಂದಿಗೂ ಅದನ್ನು ಕೆಲವೇ ನಿಮಿಷಗಳಲ್ಲಿ ಹತ್ತಿ ಇಳಿಯಬಹುದು.

ಇದನ್ನು ಸುಲಭದ ದಾರಿ ಎಂದು ಹಳಿಯುವುದು ಸರಿಯಲ್ಲ. ಫ್ಯೂಜಿಜುಕ ಹುಟ್ಟಿದ್ದು ಸೋಮಾರಿಗಳಿಗಾಗಿ ಅಲ್ಲ, ಬೆಟ್ಟ ಯಾರಿಗೆ ನಿಲುಕದೋ ಅವರಿಗಾಗಿ. ತೊಂಬತ್ತರ ಅಜ್ಜಿಗೆ ಸೂಲ್ವೆನ್ ಎಷ್ಟು ದೂರವೋ, ಎದೊ ನಗರದ ಹೆಂಗಸಿಗೆ ಫ್ಯೂಜಿ ಅಷ್ಟೇ ದೂರವಿತ್ತು. ಬೆಟ್ಟದ ಹೆಸರನ್ನು ಹೊತ್ತ ಮೆಟ್ಟಿಲಿನಲ್ಲಿ ಅವರವರ ಶಕ್ತಿಗೆ ತಕ್ಕ ಕಷ್ಟವಿದ್ದರೆ ಸಾಕು. ನೋಡುವವರು ಅದನ್ನು ಬೆಟ್ಟವೆಂದೇ ಒಪ್ಪುತ್ತಾರೆ. ಇಪ್ಪತ್ತರ ತರುಣನೊಬ್ಬ ಅದೇ 282 ಸುತ್ತು ಹತ್ತಿದ್ದರೆ ಅದು ಸುದ್ದಿಯಾಗುತ್ತಿರಲಿಲ್ಲ.

ಹರಕೆಯಿಂದ ದೇಣಿಗೆಗೆ

ಎರಡನೆಯ ಪ್ರಶ್ನೆ ಹಣದ್ದು. ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಏರುವ ಹೆಂಗಸರನ್ನು ನಾವು ಕಂಡಿದ್ದೇವೆ. ತಿರುಪತಿಗೆ ಮುಡಿಪು ಕಟ್ಟಿ, ಬೆಟ್ಟವನ್ನು ನಡೆದೇ ಹತ್ತುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಹರಕೆ ಹೊತ್ತವರಿಗೆ ಬರೀ ಹಣ ಕೊಟ್ಟರೆ ಸಮಾಧಾನವಿಲ್ಲ, ಮೈ ದಣಿಯಬೇಕು. ಕ್ರಿಸ್ಟೋಫರ್ ಒಲಿವೊಲಾ ಮತ್ತು ಎಲ್ದಾರ್ ಶಫೀರ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಂಥದ್ದೇ ಒಂದು ಸಂಗತಿ ಕಂಡುಬಂತು. ಸಹಾಯಾರ್ಥ ವನಭೋಜನ ಏರ್ಪಡಿಸಿದರೆ ಕೊಡುವುದಕ್ಕಿಂತ ಹೆಚ್ಚು ಹಣವನ್ನು, ಐದು ಮೈಲಿ ಓಡಬೇಕಾದ ಸಹಾಯಾರ್ಥ ಓಟಕ್ಕೆ ಕೊಡಲು ಜನ ಸಿದ್ಧರಿದ್ದರು. ಕಷ್ಟಪಟ್ಟು ಕೊಟ್ಟದ್ದಕ್ಕೆ ಹೆಚ್ಚು ಅರ್ಥವಿದೆ ಎಂದು ಮನಸ್ಸು ಭಾವಿಸುತ್ತದೆ.

ಆದರೆ ಹರಕೆಯಲ್ಲಿ ಬೆವರು ಸುರಿಸುವವರೂ ಕಾಣಿಕೆ ಕೊಡುವವರೂ ಒಬ್ಬರೇ. ಸಹಾಯಾರ್ಥ ನಡಿಗೆಯಲ್ಲಿ ಬೆವರು ಒಬ್ಬರದು, ಹಣ ಇನ್ನೊಬ್ಬರದು. ನಡೆದ ಮೈಲಿಗೆ ಇಷ್ಟು ಎಂದು ನೆರೆಹೊರೆಯವರಿಂದ ಮೊದಲೇ ಬರೆಸಿಕೊಂಡು ಹೊರಡುವ ನಡಿಗೆಗಳು 1960ರ ದಶಕದಲ್ಲಿ ಬ್ರಿಟನ್, ಕೆನಡಾಗಳಲ್ಲಿ ಜನಪ್ರಿಯವಾದವು. 1980ರಲ್ಲಿ ಕೆನಡಾದ ಟೆರ್ರಿ ಫಾಕ್ಸ್ ಎಂಬ ತರುಣ, ಮೂಳೆಯ ಕ್ಯಾನ್ಸರಿಗೆ ಒಂದು ಕಾಲನ್ನು ಕಳೆದುಕೊಂಡಿದ್ದವನು, ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ಅಷ್ಟರಲ್ಲಿ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ಅವನನ್ನು ನಿಲ್ಲಿಸಿತು. ಪ್ರತಿಯೊಬ್ಬ ಕೆನಡಿಯನ್ನನಿಂದ ಒಂದು ಡಾಲರ್ ಎಂಬುದು ಅವನ ಕೋರಿಕೆಯಾಗಿತ್ತು. 1981ರಲ್ಲಿ ಅವನು ತೀರಿಕೊಳ್ಳುವುದಕ್ಕೆ ಮೊದಲೇ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ಸೇರಿ, ಆ ಕೋರಿಕೆ ಈಡೇರಿತ್ತು.

ಅವನ ಓಟದಿಂದ ಯಾವ ರೋಗಿಯೂ ನೇರವಾಗಿ ಗುಣವಾಗಲಿಲ್ಲ, ನಿಜ. ಓಟ ಮಾಡಿದ ಕೆಲಸವೇ ಬೇರೆ. 'ನಾನು ಕೇಳುತ್ತಿರುವುದು ನನಗಾಗಿ ಅಲ್ಲ' ಎಂಬ ಮಾತಿಗೆ ಅದು ಜಾಮೀನು ನಿಂತಿತು.

ಜಾಮೀನು ಮತ್ತು ಜಮಾಖರ್ಚು

2020ರಲ್ಲಿ ಈ ಸಂಪ್ರದಾಯವೇ ಮನೆಯೊಳಗೆ ಬಂತು. ಹಿಂದಿನ ವರ್ಷ ಸಹಾಯಾರ್ಥವಾಗಿ ಆರೂವರೆ ಕೋಟಿ ಪೌಂಡಿಗೂ ಹೆಚ್ಚು ಹಣ ತಂದಿದ್ದ ಲಂಡನ್ ಮ್ಯಾರಥಾನ್ ಆ ಏಪ್ರಿಲ್‌ನಲ್ಲಿ ನಡೆಯಲಿಲ್ಲ. ಸೇವಾ ಸಂಸ್ಥೆಗಳ ಬೊಕ್ಕಸ ಬರಿದಾಗುತ್ತಿತ್ತು. ಆಗ ಟಾಮ್ ಮೂರ್ ಎಂಬ ನಿವೃತ್ತ ಸೇನಾಧಿಕಾರಿ, ಹಿಂದೆ ಭಾರತದಲ್ಲೂ ಬರ್ಮಾದಲ್ಲೂ ಸೇವೆ ಮಾಡಿದ್ದವರು, ತಮ್ಮ ನೂರನೆಯ ಹುಟ್ಟುಹಬ್ಬಕ್ಕೆ ಮುನ್ನ ಮನೆಯ ಅಂಗಳದಲ್ಲಿ ನೂರು ಸುತ್ತು ನಡೆಯುವುದಾಗಿ ಹೇಳಿದರು. ಊರೆಗಾಡಿ ಹಿಡಿದು ನಡೆಯುತ್ತಿದ್ದ ಅವರು ಎಣಿಸಿದ್ದು ಒಂದು ಸಾವಿರ ಪೌಂಡ್. ತೆರಿಗೆ ಮರುಪಾವತಿಯೂ ಸೇರಿ ಬಂದದ್ದು 3 ಕೋಟಿ 89 ಲಕ್ಷ ಪೌಂಡ್. ಮಾರ್ಗರೆಟ್ ಪೇನ್ ಅವರಿಗೆ ಸ್ಫೂರ್ತಿಯಾದವರು ಇವರೇ.

ಆ ಹಣ ಆರೋಗ್ಯ ಸೇವೆಯ ಸಹಾಯ ನಿಧಿಗಳಿಗೆ ಸೇರಿತು. ಆದರೆ ಅನಂತರ ಮೂರ್ ಅವರ ಹೆಸರಿನಲ್ಲಿ ಹುಟ್ಟಿದ ಬೇರೊಂದು ಪ್ರತಿಷ್ಠಾನದ ಕಥೆ ಹಾಗಾಗಲಿಲ್ಲ. ದತ್ತಿ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಅಲ್ಲಿನ ಆಯೋಗ 2024ರ ನವೆಂಬರ್‌ನಲ್ಲಿ ನೀಡಿದ ವರದಿಯಲ್ಲಿ, ಅವರ ಕುಟುಂಬದವರು ಆ ಪ್ರತಿಷ್ಠಾನದ ನಂಟಿನಿಂದ ಗಣನೀಯ ವೈಯಕ್ತಿಕ ಲಾಭ ಪಡೆದಿದ್ದರೆಂದು ಹೇಳಿತು. 2021ರಲ್ಲೇ ತೀರಿಕೊಂಡಿದ್ದ ಮುದುಕರಿಗೆ ಇದನ್ನು ಕೇಳುವ ದುರದೃಷ್ಟ ಒದಗಲಿಲ್ಲ. ಅವರು ನಡೆದ ಒಂದು ಸುತ್ತೂ ಇದರಿಂದ ಸುಳ್ಳಾಗುವುದಿಲ್ಲ. ಆದರೆ ಆ ಹೆಜ್ಜೆಗಳನ್ನು ನಂಬಿ ಕೊಟ್ಟವರ ಮನಸ್ಸಿಗೆ ನೋವಾಗದೆ ಇದ್ದೀತೇ?

ಮೆಟ್ಟಿಲು ಹತ್ತಿ ಹಣ ಕೂಡಿಸಹೊರಟವರು ಗಮನಿಸಬೇಕಾದ ಸಂಗತಿ ಇದೇ. ಹತ್ತಿದ ಸುತ್ತುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಎಣಿಸುವಷ್ಟೇ ನಿಷ್ಠೆಯಿಂದ ಬಂದ ಹಣವನ್ನೂ ಎಣಿಸಬೇಕು. ಯಾರಿಗಾಗಿ ಕೇಳಿದೆವೋ ಅವರಿಗೇ ಅದು ನೇರವಾಗಿ ತಲುಪಬೇಕು, ತಲುಪಿದ ರಸೀದಿಯನ್ನು ಕೊಟ್ಟವರೆಲ್ಲರೂ ನೋಡುವಂತಿರಬೇಕು. ನಮ್ಮ ಅಪಾರ್ಟ್‌ಮೆಂಟುಗಳಲ್ಲೂ ಶಾಲೆಗಳಲ್ಲೂ ಮೆಟ್ಟಿಲುಗಳಿಗೇನೂ ಕೊರತೆಯಿಲ್ಲ. ಸರ್ಕಾರಿ ಆಸ್ಪತ್ರೆಗೊಂದು ಗಾಲಿಕುರ್ಚಿ, ಹಳ್ಳಿಯ ಶಾಲೆಗೊಂದು ಕಪಾಟು ಪುಸ್ತಕ ಎಂದು ಸಣ್ಣ ಗುರಿಯಿಟ್ಟುಕೊಂಡು ಎಂಟು ಮನೆಯವರು ಸೇರಿದರೆ, ಒಬ್ಬೊಬ್ಬರೂ ದಿನಕ್ಕೆ ಎಂಟು ಬಾರಿ ಹತ್ತಿದರೂ ಒಂದೂವರೆ ತಿಂಗಳಲ್ಲಿ ಎವರೆಸ್ಟ್ ಮುಗಿಯುತ್ತದೆ. ಅದಕ್ಕೆ ಬೇಕಾದ ಸಲಕರಣೆಯೆಂದರೆ ಒಂದು ಕ್ಯಾಲೆಂಡರ್, ಒಂದು ಪೆನ್ಸಿಲ್ ಮತ್ತು ಒಂದು ರಸೀದಿ ಪುಸ್ತಕ.